ಓರೆಯಾದ ಅಕ್ಷ: ಗ್ರಹಗಳ ತಿರುಗುವಿಕೆ ಮತ್ತು ನಮ್ಮ ಗಡಿನಾಡಿನ ನೆರಳು

ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ಓದಬಲ್ಲವರಿಗೆ 'ಉತ್ತರಾಯಣ ಸಂಕ್ರಾಂತಿ', 'ದಕ್ಷಿಣಾಯನ ಸಂಕ್ರಾಂತಿ', 'ವಿಷುವ ಸಂಕ್ರಾಂತಿ', 'ಸೂರ್ಯಗ್ರಹಣ' ಎಂಬ ಮಾತುಗಳು ಹೊಸವಲ್ಲ. ದೇಗುಲಕ್ಕೆ ಇಷ್ಟು ಮತ್ತರು ಭೂಮಿ, ನಂದಾದೀವಿಗೆಗೆ ಇಷ್ಟು ಎಣ್ಣೆ ಎಂದು ದಾನ ಬಿಟ್ಟವರು ಇಂಥ ಪುಣ್ಯಕಾಲವನ್ನು ನೋಡಿಯೇ ಬಿಡುತ್ತಿದ್ದರು. ಶಾಸನ ಸಂಶೋಧಕನು ಈ ಮಾತುಗಳನ್ನು ಕಾಲನಿರ್ಣಯದ ಸಲುವಾಗಿ ಬಳಸುತ್ತಾನೆ. ಅದೇ ಊರಿನ ಶಾಲೆಯಲ್ಲಿ ಭೂಗೋಲದ ಶಿಕ್ಷಕನು ಭೂಮಿಯ ಚಲನೆಗಳ ಪಾಠವನ್ನು ಮಾಡುತ್ತಾನೆ. ಇವರಿಬ್ಬರೂ ಹೇಳುತ್ತಿರುವದು ಒಂದೇ ಸಂಗತಿಯನ್ನು ಎಂಬುದು ಮಾತ್ರ ಅಪರೂಪವಾಗಿ ಮಕ್ಕಳ ಗಮನಕ್ಕೆ ಬರುತ್ತದೆ. ಭೂಮಿಯ ಅಕ್ಷವು ನೆಟ್ಟಗೆ ನಿಂತಿದ್ದರೆ ಅಯನಗಳೇ ಇರುತ್ತಿರಲಿಲ್ಲ; ಆ ಶಾಸನಗಳ ತಿಥಿವಾಕ್ಯಗಳು ಬೇರೆಯೇ ಆಗಿರುತ್ತಿದ್ದವು. ಗ್ರಹಗಳ ಅಕ್ಷದ ಓರೆ ಮತ್ತು ತಿರುಗುವಿಕೆಗಳನ್ನು ಕುರಿತು, ಸಾಧ್ಯವಾದಷ್ಟು ನಮ್ಮ ನೆಲದ ಉದಾಹರಣೆಗಳಿಂದಲೇ ವಿವರಿಸುವದು ಈ ಲೇಖನದ ಉದ್ದೇಶ.

ನಾವು ಇಲ್ಲಿ ತೆಗೆದುಕೊಳ್ಳುವ ನೆಲವು ಉಮರ್ಗಾ, ನಿಲಂಗಾ ಮತ್ತು ಉದಗೀರಗಳದು. ಉಮರ್ಗಾ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ನಿಲಂಗಾ, ಉದಗೀರಗಳು 1982ರಲ್ಲಿ ರಚಿತವಾದ ಲಾತೂರ ಜಿಲ್ಲೆಯಲ್ಲಿವೆ. 1956ರ ನವೆಂಬರ 1ರ ರಾಜ್ಯ ಪುನರ್ರಚನೆಯ ವರೆಗೆ ಇವೆರಡೂ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣವು, ಉಮರ್ಗಾದಿಂದ ನೆಟ್ಟಗೆ ಅಳೆದರೆ ಸುಮಾರು 35 ಕಿಲೋಮೀಟರು ಪೂರ್ವಕ್ಕಿದೆ. ಇವೆರಡೂ ಬಹುಮಟ್ಟಿಗೆ ಒಂದೇ ಅಕ್ಷಾಂಶದ ಮೇಲಿರುವದರಿಂದ ಕಲ್ಯಾಣದಲ್ಲಿ ನೆಟ್ಟ ಕೋಲಿನ ಮಧ್ಯಾಹ್ನದ ನೆರಳೂ ಉಮರ್ಗಾದಲ್ಲಿ ನೆಟ್ಟ ಅಷ್ಟೇ ಉದ್ದದ ಕೋಲಿನ ನೆರಳೂ ಒಂದೇ ಅಳತೆಯವು. ರಾಜ್ಯಗಳ ಗಡಿ ಬದಲಾದರೂ ನೆರಳಿನ ಲೆಕ್ಕ ಬದಲಾಗಿಲ್ಲ.

ಎರಡು ಚಲನೆಗಳು, ಎರಡು ಭಾಷೆಗಳು

ಭೂಮಿಗೆ ಮುಖ್ಯವಾಗಿ ಎರಡು ಚಲನೆಗಳಿವೆ. ತನ್ನ ಅಕ್ಷದ ಸುತ್ತ ತಾನೇ ತಿರುಗುವದು ಒಂದು. ಸೂರ್ಯನನ್ನು ಸುತ್ತಿ ಬರುವದು ಇನ್ನೊಂದು. ಕನ್ನಡದಲ್ಲಿ ಮೊದಲನೆಯದನ್ನು ಅಕ್ಷಭ್ರಮಣ ಅಥವಾ ದೈನಂದಿನ ಚಲನೆಯೆಂದೂ, ಎರಡನೆಯದನ್ನು ಪರಿಭ್ರಮಣ ಅಥವಾ ವಾರ್ಷಿಕ ಚಲನೆಯೆಂದೂ ಹೇಳುತ್ತೇವೆ. ಮರಾಠಿಯ ಪಠ್ಯಪುಸ್ತಕಗಳು ಮೊದಲನೆಯದನ್ನು 'ಪರಿವಲನ'ವೆಂದೂ ಎರಡನೆಯದನ್ನು 'ಪರಿಭ್ರಮಣ'ವೆಂದೂ ಕರೆಯುತ್ತವೆ. ಅಕ್ಷಕ್ಕೆ ಅಲ್ಲಿ 'ಆಸ' ಎಂಬ ಹೆಸರು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿಯಲ್ಲಿ ಕಲಿಯುವ ಮಗುವಿಗೆ 'ಭ್ರಮಣ', 'ಪರಿಭ್ರಮಣ', 'ಪರಿವಲನ' ಈ ಮೂರೂ ಒಂದರೊಳಗೊಂದು ಬೆರೆತುಹೋಗುವ ಸಂಭವ ಬಹಳ. ಆದುದರಿಂದ ಗಡಿಭಾಗದ ಶಿಕ್ಷಕನು ಪಾರಿಭಾಷಿಕ ಶಬ್ದಕ್ಕಿಂತ ಮೊದಲು ಬುಗುರಿಯನ್ನು ಕೈಗೆ ತೆಗೆದುಕೊಳ್ಳುವದು ಒಳ್ಳೆಯದು. ಬುಗುರಿಯು ತನ್ನ ಮೊಳೆಯ ಮೇಲೆ ತಿರುಗುವದು ಒಂದು ಚಲನೆ. ತಿರುಗುತ್ತಲೇ ಅಂಗಳದಲ್ಲಿ ಸುತ್ತುಹಾಕುವದು ಇನ್ನೊಂದು ಚಲನೆ. ಕನ್ನಡದ ಬುಗುರಿಯೂ ಮರಾಠಿಯ 'ಭೋವರಾ'ವೂ ಒಂದೇ ರೀತಿ ತಿರುಗುತ್ತವೆ. ಸಂಗತಿ ತಿಳಿದ ಮೇಲೆ ಹೆಸರುಗಳು ಗೊಂದಲವೆಬ್ಬಿಸುವದಿಲ್ಲ.

ಭೂಮಿಯು ಒಂದು ಸುತ್ತು ತಿರುಗಲು 24 ಗಂಟೆ ಬೇಕೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ನೋಡಿದರೆ ಆ ಅವಧಿ 23 ಗಂಟೆ 56 ನಿಮಿಷ 4 ಸೆಕೆಂಡು. ಅಷ್ಟರಲ್ಲಿ ಭೂಮಿಯು ತನ್ನ ಕಕ್ಷೆಯಲ್ಲಿ ಸುಮಾರು ಒಂದು ಅಂಶದಷ್ಟು ಮುಂದೆ ಸರಿದಿರುತ್ತದೆ. ಸೂರ್ಯನು ಮತ್ತೆ ಅದೇ ಸ್ಥಾನಕ್ಕೆ ಬರಬೇಕಾದರೆ ಇನ್ನೂ ಸುಮಾರು 4 ನಿಮಿಷ ತಿರುಗಬೇಕು. ಹೀಗಾಗಿ ವರ್ಷದಲ್ಲಿ ದಿನಗಳು 365 ಚಿಲ್ಲರೆಯಾದರೆ ತಿರುಗುಗಳು 366 ಚಿಲ್ಲರೆ. ಆರ್ಯಭಟನು 499ರಲ್ಲಿ ರಚಿಸಿದ ಆರ್ಯಭಟೀಯದಲ್ಲಿ 43,20,000 ವರ್ಷಗಳ ಯುಗಕ್ಕೆ ಭೂಮಿಯ ತಿರುಗುಗಳು 158,22,37,500 ಎಂದು ಎಣಿಸಿದ್ದಾನೆ. ಭಾಗಿಸಿ ನೋಡಿದರೆ ವರ್ಷಕ್ಕೆ 366.2587 ತಿರುಗುಗಳಾಗುತ್ತವೆ. ಇದರಿಂದ ಬರುವ ಒಂದು ತಿರುಗಿನ ಅವಧಿಯು ಇಂದಿನ ಅಳತೆಗೆ ಸೆಕೆಂಡಿನವರೆಗೆ ಹೊಂದುತ್ತದೆ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮರಗಳು ಹಿಂದೆ ಸರಿದಂತೆ ಕಾಣುವ ಹೋಲಿಕೆಯನ್ನು ಕೊಟ್ಟವನೂ ಅವನೇ. ಭೂಮಿ ತಿರುಗಿದರೆ ಹಾರಿದ ಹಕ್ಕಿ ಗೂಡಿಗೆ ಮರಳುವದು ಹೇಗೆ ಎಂದು ವರಾಹಮಿಹಿರನು ಆಕ್ಷೇಪಿಸಿದನು, ಬ್ರಹ್ಮಗುಪ್ತನೂ ಒಪ್ಪಲಿಲ್ಲ. ಹಕ್ಕಿಯೂ ಗಾಳಿಯೂ ಭೂಮಿಯ ಸಂಗಡವೇ ಸಾಗುತ್ತವೆ ಎಂಬುದು ಆ ಆಕ್ಷೇಪಕ್ಕೆ ಉತ್ತರ. ನಮ್ಮ ಅಕ್ಷಾಂಶದಲ್ಲಿ ಆ ಸಾಗಾಟದ ವೇಗ ಗಂಟೆಗೆ ಸುಮಾರು 1,590 ಕಿಲೋಮೀಟರು. ವಿಷುವದ್ವೃತ್ತದ ಮೇಲೆ ಸುಮಾರು 1,670.

ಓರೆಯೆಂದರೇನು?

ಭೂಮಿಯು ಸೂರ್ಯನನ್ನು ಸುತ್ತುವ ದಾರಿಯನ್ನು ಒಂದು ಸಮತಟ್ಟಾದ ಕಣವೆಂದು ಭಾವಿಸೋಣ. ಆ ಕಣದ ನಡುವಿನ ಮೇಟಿಯು ನೆಟ್ಟಗೆ ನಿಂತಿದೆ. ಭೂಮಿಯ ಅಕ್ಷವು ಹಾಗೆ ನೆಟ್ಟಗಿಲ್ಲ. ಮೇಟಿಯ ದಿಕ್ಕಿನಿಂದ 23.44 ಅಂಶಗಳಷ್ಟು ವಾಲಿದೆ. ವರ್ಷವಿಡೀ ಈ ವಾಲು ಒಂದೇ ದಿಕ್ಕಿಗೆ ಇರುತ್ತದೆ ಎಂಬುದು ಬಹು ಮುಖ್ಯ. ಅಕ್ಷದ ಉತ್ತರದ ತುದಿ ಸದಾ ಧ್ರುವ ನಕ್ಷತ್ರದ ಕಡೆಗೆ ನೋಡುತ್ತದೆ. ಆದುದರಿಂದ ಕಕ್ಷೆಯ ಒಂದು ಬದಿಯಲ್ಲಿ, ಜೂನ್ ತಿಂಗಳಲ್ಲಿ, ಉತ್ತರಾರ್ಧಗೋಲವು ಸೂರ್ಯನತ್ತ ಬಾಗಿರುತ್ತದೆ. ಎದುರು ಬದಿಯಲ್ಲಿ, ಡಿಸೆಂಬರಿನಲ್ಲಿ, ಸೂರ್ಯನಿಂದ ವಿಮುಖವಾಗಿರುತ್ತದೆ. ಋತುಗಳ ಮೂಲಕಾರಣ ಇದೇ.

ಬೇಸಿಗೆಯಲ್ಲಿ ಭೂಮಿಯು ಸೂರ್ಯನಿಗೆ ಹತ್ತಿರ ಬರುವದರಿಂದ ಸೆಕೆ ಎಂಬ ತಪ್ಪು ತಿಳುವಳಿಕೆ ಮಕ್ಕಳಲ್ಲಿ ಮಾತ್ರವಲ್ಲ, ಓದಿದವರಲ್ಲಿಯೂ ಬೇರೂರಿದೆ. ಇದನ್ನು ಕೀಳಲು ಒಂದೇ ಸಂಗತಿ ಸಾಕು. ಭೂಮಿಯು ಸೂರ್ಯನಿಗೆ ಅತ್ಯಂತ ಹತ್ತಿರವಿರುವದು ಜನವರಿಯ ಮೊದಲ ವಾರದಲ್ಲಿ. ಆಗಿನ ದೂರ ಸುಮಾರು 14.71 ಕೋಟಿ ಕಿಲೋಮೀಟರು. ಅತ್ಯಂತ ದೂರವಿರುವದು ಜುಲೈ ಮೊದಲ ವಾರದಲ್ಲಿ. ಆಗ ಸುಮಾರು 15.21 ಕೋಟಿ ಕಿಲೋಮೀಟರು. ನಮ್ಮಲ್ಲಿ ಎಳ್ಳಮಾವಾಸ್ಯೆಯ ಚಳಿಗಾಲದಲ್ಲಿಯೇ ಸೂರ್ಯನು ಹತ್ತಿರದಲ್ಲಿರುತ್ತಾನೆ. ಹತ್ತಿರವಿದ್ದರೂ ಅವನ ಕಿರಣಗಳು ಓರೆಯಾಗಿ ಬೀಳುತ್ತವೆ, ಹಗಲೂ ಚಿಕ್ಕದು, ಆದುದರಿಂದ ಚಳಿ.

ಈ ಎಳ್ಳಮಾವಾಸ್ಯೆಯೇ ಲಾತೂರ, ಧಾರಾಶಿವ ಭಾಗಗಳ ಮರಾಠಿ ಮಾತಿನಲ್ಲಿ 'ವೇಳ ಅಮಾವಾಸ್ಯೆ', 'ಯೆಳವಸ' ಆಗಿದೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಪೂಜಿಸಿ ಉಣ್ಣುವ ಈ ಹಬ್ಬ ಗಡಿಯ ಎರಡೂ ಬದಿಗೆ ಒಂದೇ. ಮಾರ್ಗಶಿರದ ಈ ಅಮಾವಾಸ್ಯೆಯು ಡಿಸೆಂಬರಿನಲ್ಲಿಯೋ ಜನವರಿಯ ಆರಂಭದಲ್ಲಿಯೋ ಬೀಳುವದರಿಂದ, ಹೊಲದ ನಡುವೆ ನಿಂತವನ ಮಧ್ಯಾಹ್ನದ ನೆರಳು ವರ್ಷದಲ್ಲಿಯೇ ಉದ್ದವಾಗಿರುವ ದಿನಗಳು ಅವೇ. ಮಕ್ಕಳು ಅಂದು ಹೇಗೂ ಹೊಲದಲ್ಲಿರುತ್ತಾರೆ. ನೆರಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ.

ಒಂದು ಕೋಲಿನ ಪ್ರಯೋಗ

ನಮ್ಮ ಪ್ರಾಚೀನ ಜ್ಯೋತಿಷಿಗಳು 12 ಅಂಗುಲದ ಶಂಕುವನ್ನು ನೆಟ್ಟು ನೆರಳನ್ನು ಅಳೆಯುತ್ತಿದ್ದರು. ಹಗಲಿರುಳು ಸಮನಾದ ದಿನದ ಮಧ್ಯಾಹ್ನದ ನೆರಳಿಗೆ 'ಪಲಭಾ' ಎಂದು ಹೆಸರು. ಉಮರ್ಗಾದಲ್ಲಿ ಅದು 3.86 ಅಂಗುಲ, ಉದಗೀರದಲ್ಲಿ ಬಹುತೇಕ 4 ಅಂಗುಲ. ಊರಿನ ಅಕ್ಷಾಂಶವನ್ನು ನೆರಳೇ ಹೇಳುವ ಬಗೆ ಇದು.

ಇಂದಿನ ಶಾಲೆಯಲ್ಲಿ 100 ಸೆಂಟಿಮೀಟರು ಉದ್ದದ ಕೋಲು ಅನುಕೂಲ. ತೂಗುಗುಂಡಿನಿಂದ ಲಂಬವಾಗಿ ನಿಲ್ಲಿಸಿ, ಮಧ್ಯಾಹ್ನದ ಸುಮಾರಿಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಬೇಕು. ಅವುಗಳಲ್ಲಿ ಅತಿ ಚಿಕ್ಕ ನೆರಳೇ ನಿಜವಾದ ಮಧ್ಯಾಹ್ನದ್ದು. ಗಡಿಯಾರದ 12 ಗಂಟೆಗೆ ಅದು ಬರುವದಿಲ್ಲ. ಭಾರತದ ಪ್ರಮಾಣವೇಳೆಯು 82.5 ಅಂಶ ಪೂರ್ವರೇಖಾಂಶದ್ದು; ನಮ್ಮ ಊರುಗಳು ಅದಕ್ಕಿಂತ ಐದಾರು ಅಂಶ ಪಶ್ಚಿಮಕ್ಕಿವೆ. ಭೂಮಿಯು ಒಂದು ಅಂಶ ತಿರುಗಲು 4 ನಿಮಿಷ ಬೇಕಾಗುವದರಿಂದ ನಮ್ಮ ಮಧ್ಯಾಹ್ನವು ಸರಾಸರಿ 22ರಿಂದ 24 ನಿಮಿಷ ತಡವಾಗಿ ಬರುತ್ತದೆ. ಉಮರ್ಗಾಕ್ಕಿಂತ ಉದಗೀರದಲ್ಲಿ 2 ನಿಮಿಷ ಮೊದಲು. ಭೂಮಿ ತಿರುಗುತ್ತಿದೆ ಎಂಬುದಕ್ಕೆ ನೆರೆಯ ಎರಡು ತಾಲೂಕುಗಳ ಈ ಎರಡು ನಿಮಿಷವೇ ಸಾಕ್ಷಿ.

ಮೂರು ಊರುಗಳ ಪೈಕಿ ನಡುವೆ ಇರುವ ನಿಲಂಗಾದ ಅಕ್ಷಾಂಶ ಸುಮಾರು 18.12 ಅಂಶ. ಅಲ್ಲಿ ನೆಟ್ಟ 100 ಸೆಂಟಿಮೀಟರಿನ ಕೋಲಿನ ಮಧ್ಯಾಹ್ನದ ನೆರಳು ಡಿಸೆಂಬರ 21-22ರಂದು ಉತ್ತರಕ್ಕೆ ಸುಮಾರು 89 ಸೆಂಟಿಮೀಟರು. ಮಾರ್ಚ ಹಾಗೂ ಸೆಪ್ಟೆಂಬರದ ವಿಷುವ ದಿನಗಳಂದು ಉತ್ತರಕ್ಕೆ ಸುಮಾರು 33. ಜೂನ್ 21ರಂದು ದಕ್ಷಿಣಕ್ಕೆ ಸುಮಾರು 9. ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ ಬೀಳುವದೆಂದು ಹೇಳುವದು ಸರಿಯಲ್ಲ. ನಾವು ಕರ್ಕಾಟಕ ವೃತ್ತದ ದಕ್ಷಿಣದಲ್ಲಿರುವದರಿಂದ ವರ್ಷದಲ್ಲಿ ಸುಮಾರು 80 ದಿನ ಸೂರ್ಯನು ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕಿರುತ್ತಾನೆ.

ಈ ನೆರಳುಗಳಿಂದಲೇ ಭೂಮಿಯ ಓರೆಯನ್ನು ಕಂಡುಹಿಡಿಯಬಹುದು. ಡಿಸೆಂಬರದ ನೆರಳನ್ನು ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆದು ಕೋನಮಾಪಕದಿಂದ ಅಳೆದರೆ ಸೂರ್ಯನು ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 41.6 ಅಂಶ ಇಳಿದಿರುವದು ತಿಳಿಯುತ್ತದೆ. ಜೂನಿನ ನೆರಳಿನಿಂದ ಉತ್ತರಕ್ಕೆ ಸುಮಾರು 5.3 ಅಂಶ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 23.4 ಬರುವದು, ಇದು ಭೂಮಿಯ ಅಕ್ಷದ ಓರೆ. ಒಂದರಿಂದೊಂದನ್ನು ಕಳೆದು ಅರ್ಧ ಮಾಡಿದರೆ 18.1 ಬರುವದು, ಇದು ಊರಿನ ಅಕ್ಷಾಂಶ. ಯಾವ ಯಂತ್ರವೂ ಇಲ್ಲದೆ, ಒಂದು ಕೋಲು ಮತ್ತು ಆರು ತಿಂಗಳ ತಾಳ್ಮೆಯಿಂದ ಎರಡು ಮಹತ್ವದ ಸಂಖ್ಯೆಗಳು ಕೈಗೆ ಬರುತ್ತವೆ. ಜೂನ್ 21ರಂದು ಮೋಡವಿದ್ದರೆ ಚಿಂತಿಸಬೇಕಾಗಿಲ್ಲ. ಅಯನದ ಸುಮಾರಿಗೆ ಸೂರ್ಯನ ಉತ್ತರ-ದಕ್ಷಿಣ ಚಲನೆ ಬಹಳ ಮಂದ. ಜೂನ್ 14ರಿಂದ 28ರ ವರೆಗೆ ಯಾವ ಬಿಸಿಲಿನ ದಿನ ಅಳೆದರೂ ವ್ಯತ್ಯಾಸ ಅಂಶದ ಐದನೆಯ ಒಂದು ಭಾಗವನ್ನು ಮೀರುವದಿಲ್ಲ.

ಸೂರ್ಯನು ಉಮರ್ಗಾದಿಂದ ಉದಗೀರಕ್ಕೆ ನಡೆಯುವ ಮೂರು ದಿನ

ನಮ್ಮ ಮೂರು ಊರುಗಳಿಗೆ ವಿಶೇಷವಾದ ಒಂದು ಸಂಗತಿಯುಂಟು. ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯನು ನೆಟ್ಟನೆಯ ನೆತ್ತಿಯ ಮೇಲೆ ಬಂದು ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಇದನ್ನು ಶೂನ್ಯ ನೆರಳಿನ ದಿನವೆನ್ನುತ್ತಾರೆ. ಮೇ ತಿಂಗಳ ನಡುವಿನಲ್ಲಿ ಸೂರ್ಯನು ನೆತ್ತಿಯಾಗುವ ರೇಖೆಯು ದಿನಕ್ಕೆ ಸುಮಾರು ಕಾಲು ಅಂಶ, ಅಂದರೆ ಸುಮಾರು 28 ಕಿಲೋಮೀಟರು, ಉತ್ತರಕ್ಕೆ ಸರಿಯುತ್ತದೆ. ಉಮರ್ಗಾದಿಂದ ನಿಲಂಗಾ ಉತ್ತರಕ್ಕೆ ಸುಮಾರು 31 ಕಿಲೋಮೀಟರು. ನಿಲಂಗಾದಿಂದ ಉದಗೀರ ಮತ್ತೆ ಉತ್ತರಕ್ಕೆ ಸುಮಾರು 30. ಹೀಗಾಗಿ ಉಮರ್ಗಾದಲ್ಲಿ ಮೇ 11ರ ಸುಮಾರಿಗೆ, ನಿಲಂಗಾದಲ್ಲಿ 12ರ ಸುಮಾರಿಗೆ, ಉದಗೀರದಲ್ಲಿ 13ರ ಸುಮಾರಿಗೆ ನೆರಳು ಮಾಯವಾಗುತ್ತದೆ. ಗಟ್ಟಿ ಕಾಲಿನ ಪ್ರವಾಸಿಯೊಬ್ಬನು ದಿನಕ್ಕೊಂದು ಊರಿನಂತೆ ನಡೆದಂತೆಯೇ ಇದು. ಅಧಿಕ ವರ್ಷದ ಲೆಕ್ಕದಿಂದ ಒಂದು ದಿನ ಹಿಂದುಮುಂದಾಗಬಹುದು. ಊರುಗಳ ಸರದಿ ಮಾತ್ರ ತಪ್ಪದು. ಆಗ ಗಡಿಯಾರದಲ್ಲಿ ಸುಮಾರು 12 ಗಂಟೆ 20 ನಿಮಿಷವಾಗಿರುತ್ತದೆ. ಮರಳುವಾಗ ಸೂರ್ಯನು ಮೊದಲು ಉದಗೀರಕ್ಕೆ, ಜುಲೈ 30-31ರ ಸುಮಾರಿಗೆ, ಬಂದು ಆಗಸ್ಟ 1-2ರ ಸುಮಾರಿಗೆ ಉಮರ್ಗಾವನ್ನು ದಾಟುತ್ತಾನೆ. ಆಗ ಮಧ್ಯಾಹ್ನವಾಗುವದು ಸುಮಾರು 12 ಗಂಟೆ 29 ನಿಮಿಷಕ್ಕೆ.

ಮೇ ತಿಂಗಳಲ್ಲಿ ಆಕಾಶ ನಿರಭ್ರ, ಆದರೆ ಶಾಲೆಗೆ ರಜೆ. ಜುಲೈ ಕೊನೆಗೆ ಶಾಲೆ ನಡೆದಿರುತ್ತದೆ, ಆದರೆ ಮೋಡ. ಈ ತೊಡಕಿಗೆ ಪರಿಹಾರವೆಂದರೆ ಮೇ ತಿಂಗಳ ಪ್ರಯೋಗವನ್ನು ಊರ ಕಟ್ಟೆಯ ಬಳಿಯಲ್ಲಿಯೋ ಗುಡಿಯ ಅಂಗಳದಲ್ಲಿಯೋ ಮಾಡುವದು. ಮಕ್ಕಳ ಜೊತೆಗೆ ಹಿರಿಯರೂ ಬಂದು ನೋಡುತ್ತಾರೆ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂದು ಮೊದಲೇ ಎಚ್ಚರಿಸಬೇಕು. ನೋಡಬೇಕಾದದ್ದು ನೆಲವನ್ನು ಮಾತ್ರ.

ಮೇ ತಿಂಗಳಲ್ಲಿ ನಮ್ಮಲ್ಲಿ ಸೆಕೆ ಪರಮಾವಧಿಗೇರುವದಕ್ಕೂ ಇದೇ ವಿವರಣೆ. ಸೂರ್ಯನು ನೆತ್ತಿಯ ಮೇಲಿರುತ್ತಾನೆ, ಹಗಲು ಉದ್ದವಾಗುತ್ತಿರುತ್ತದೆ, ಮೋಡಗಳಿನ್ನೂ ಬಂದಿರುವದಿಲ್ಲ. ಜೂನ್ 21ರ ಹಗಲು ವರ್ಷದಲ್ಲಿ ಅತಿ ದೊಡ್ಡದು, ಸುಮಾರು 13 ಗಂಟೆ 10 ನಿಮಿಷ. ಡಿಸೆಂಬರದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 5 ನಿಮಿಷ. ಆದರೂ ಜೂನಿನಲ್ಲಿ ಮುಂಗಾರಿನ ಮೋಡವು ಬಿಸಿಲನ್ನು ತಡೆಯುವದರಿಂದ ಮೇ ತಿಂಗಳೇ ಹೆಚ್ಚು ಸುಡುತ್ತದೆ.

ಬುಗುರಿಯ ತೂರಾಟ ಮತ್ತು ಶಾಸನದ ತಿಥಿ

ಬುಗುರಿಯ ವೇಗ ತಗ್ಗಿದಾಗ ಅದರ ತಲೆಯು ನಿಧಾನವಾಗಿ ವೃತ್ತಾಕಾರದಲ್ಲಿ ತೂರಾಡುವದನ್ನು ಎಲ್ಲರೂ ನೋಡಿದ್ದಾರೆ. ಭೂಮಿಯ ಅಕ್ಷಕ್ಕೂ ಇಂಥ ತೂರಾಟವಿದೆ. ತಿರುಗುವಿಕೆಯಿಂದಾಗಿ ಭೂಮಿಯು ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ವಿಷುವದ್ವೃತ್ತದ ವ್ಯಾಸವು ಧ್ರುವಗಳ ನಡುವಿನ ವ್ಯಾಸಕ್ಕಿಂತ ಸುಮಾರು 43 ಕಿಲೋಮೀಟರು ಹೆಚ್ಚು. ಸೂರ್ಯಚಂದ್ರರು ಈ ಉಬ್ಬನ್ನು ಸೆಳೆಯುವದರಿಂದ ಅಕ್ಷವು ತನ್ನ ಓರೆಯನ್ನು ಬಹುಮಟ್ಟಿಗೆ ಉಳಿಸಿಕೊಂಡೇ ದಿಕ್ಕನ್ನು ಬದಲಿಸುತ್ತ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ಪೂರೈಸುತ್ತದೆ. ಇದೇ ಅಯನಚಲನ. ಇದರ ಪರಿಣಾಮವಾಗಿ ನಕ್ಷತ್ರಗಳನ್ನು ನೆಚ್ಚಿದ ವರ್ಷವೂ ಋತುಗಳನ್ನು ನೆಚ್ಚಿದ ವರ್ಷವೂ ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಬೇರೆಯಾಗುತ್ತ ಹೋಗುತ್ತವೆ. ಸೂರ್ಯಸಿದ್ಧಾಂತದ ವರ್ಷಮಾನವು ನಿಜವಾದ ನಾಕ್ಷತ್ರಿಕ ವರ್ಷಕ್ಕಿಂತಲೂ ತುಸು ದೊಡ್ಡದಾದುದರಿಂದ ಆ ಪಂಚಾಂಗದಲ್ಲಿ ಈ ಅಂತರವು ಸುಮಾರು 60 ವರ್ಷಕ್ಕೆ ಒಂದು ದಿನ.

ಇದು ಶಾಸನ ಸಂಶೋಧಕನಿಗೆ ನೇರವಾಗಿ ಸಂಬಂಧಿಸಿದ ವಿಷಯ. ಇಂದು ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವದು ಡಿಸೆಂಬರ 21-22ರಂದು. ಪಂಚಾಂಗದ ಮಕರ ಸಂಕ್ರಾಂತಿ ಜನವರಿ 14-15ರಂದು. ಅಂತರ ಸುಮಾರು 24 ದಿನ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, 1100ರ ಸುಮಾರಿಗೆ, ಆಗಿನ ಜೂಲಿಯನ್ ಗಣನೆಯಂತೆ ನಿಜವಾದ ಅಯನವು ಡಿಸೆಂಬರ 15ರ ಸುಮಾರಿಗೂ ಉತ್ತರಾಯಣ ಸಂಕ್ರಾಂತಿಯು ಡಿಸೆಂಬರ 24-25ರ ಸುಮಾರಿಗೂ ಆಗುತ್ತಿದ್ದವು. ಅಂತರ 9-10 ದಿನ ಮಾತ್ರ. ಶಾಸನದ 'ಉತ್ತರಾಯಣ ಸಂಕ್ರಾಂತಿ'ಯನ್ನು ಜನವರಿ 14 ಎಂದು ತೆಗೆದುಕೊಂಡವನ ಲೆಕ್ಕ ಸುಮಾರು 20 ದಿನ ತಪ್ಪುತ್ತದೆ. ನಿಜವಾದ ಅಯನವೆಂದು ತೆಗೆದುಕೊಂಡವನ ಲೆಕ್ಕ 9-10 ದಿನ ತಪ್ಪುತ್ತದೆ. ಎರಡರಲ್ಲಿಯೂ ವಾರ ಮತ್ತು ತಿಥಿ ಕೂಡುವದಿಲ್ಲ. ಆಗ ಶಾಸನದ ಕಾಲೋಲ್ಲೇಖವೇ ದೋಷಯುಕ್ತವೆಂದು, ಅಥವಾ ಶಾಸನವೇ ಕೂಟವೆಂದು ಬರೆದುಬಿಡುವ ಅಪಾಯವಿದೆ. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ಪಂಚಾಂಗ ಕೋಷ್ಟಕಗಳನ್ನು ಸಂಶೋಧಕರು ಇಂದಿಗೂ ಬಳಸುವದು ಈ ತಪ್ಪನ್ನು ತಪ್ಪಿಸುವದಕ್ಕೋಸ್ಕರವೇ. ಮಹಾರಾಷ್ಟ್ರದೊಳಗಣ ಕನ್ನಡ ಶಾಸನಗಳನ್ನು ಶೋಧಿಸಲು ಹೊರಡುವ ನಮ್ಮ ಶಿಕ್ಷಕ ಮಿತ್ರರು ಲಿಪಿಯ ಜೊತೆಗೆ ಈ ಗಣಿತವನ್ನೂ ಅರಿತಿರಬೇಕು. ಕಲ್ಯಾಣದ ಆಹವಮಲ್ಲನ ಕಾಲದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು 'ಜಾತಕತಿಲಕ'ವನ್ನು ಕನ್ನಡದಲ್ಲಿಯೇ ರಚಿಸಿದನು. ಗ್ರಹಗಣಿತದ ಮಾತನ್ನು ಕನ್ನಡದಲ್ಲಿ ಆಡುವ ಪರಿಪಾಠ ಈ ಸೀಮೆಗೆ ಹೊಸದಲ್ಲ.

ಒಕ್ಕಲಿಗನಿಗೂ ಇದು ಸಂಬಂಧಿಸಿದೆ. ಮುಂಗಾರಿನ ಆರಂಭವನ್ನು ನಾವು 'ಮಿರಗ'ದಿಂದ ಎಣಿಸುತ್ತೇವೆ. ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವದು ಈಗ ಜೂನ್ 7-8ರ ಸುಮಾರಿಗೆ. ಮಳೆಯಾದರೋ ನಕ್ಷತ್ರವನ್ನು ಅನುಸರಿಸುವದಿಲ್ಲ. ಸೂರ್ಯನ ಉತ್ತರ-ದಕ್ಷಿಣ ಚಲನೆಯನ್ನು, ಅಂದರೆ ಅಕ್ಷದ ಓರೆಯನ್ನು, ಅನುಸರಿಸುತ್ತದೆ. ಚಾಲುಕ್ಯರ ಕಾಲದಲ್ಲಿ ಮಿರಗವು ಋತುಮಾನದ ಲೆಕ್ಕದಲ್ಲಿ ಇಂದಿಗಿಂತ ಸುಮಾರು ಎರಡು ವಾರ ಮೊದಲು, ಅಂದರೆ ಇಂದಿನ ಗಣನೆಯ ಮೇ ತಿಂಗಳ ನಾಲ್ಕನೆಯ ವಾರದಲ್ಲಿ, ಬರುತ್ತಿತ್ತು. ಇನ್ನೊಂದು ಸಾವಿರ ವರ್ಷ ಕಳೆದರೆ ಅದು ಜೂನ್ ತಿಂಗಳ ಕೊನೆಯ ಕಡೆಗೆ ಸರಿದಿರುತ್ತದೆ. ಮಳೆ ನಕ್ಷತ್ರಗಳ ಗಾದೆಗಳು ಅನುಭವದಿಂದ ಹುಟ್ಟಿದವು. ಆದರೆ ಅವು ಎಂದೆಂದಿಗೂ ಅದೇ ತಾರೀಖಿಗೆ ಹೊಂದಿಕೊಂಡಿರಲಾರವು. ಈ ತೊಡಕನ್ನು ಕಂಡೇ ಭಾರತ ಸರಕಾರವು 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಅದರ ಸಲಹೆಯಂತೆ 1957ರ ಮಾರ್ಚ 22ರಿಂದ ಋತುಗಳಿಗೆ ಹೊಂದಿಸಿದ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು.

ಓರೆಯ ಪ್ರಮಾಣವೂ ಸಂಪೂರ್ಣ ಸ್ಥಿರವಲ್ಲ. ಸುಮಾರು 41,000 ವರ್ಷಗಳ ಆವರ್ತದಲ್ಲಿ ಅದು 22.1ರಿಂದ 24.5 ಅಂಶಗಳ ನಡುವೆ ಏರಿಳಿಯುತ್ತದೆ. ಈಗ ಇಳಿಯುತ್ತಿದೆ. 1100ರಲ್ಲಿ ಅದು ಸುಮಾರು 23.56 ಇತ್ತು. ಅಂದು ಕಲ್ಯಾಣದಲ್ಲಿ ಜೂನಿನ ಅಯನದಂದು 100 ಸೆಂಟಿಮೀಟರಿನ ಕೋಲನ್ನು ನೆಟ್ಟಿದ್ದರೆ ನೆರಳು ಇಂದಿಗಿಂತ 2 ಮಿಲಿಮೀಟರಿನಷ್ಟು ಉದ್ದವಾಗಿರುತ್ತಿತ್ತು. ತಿರುಗುವಿಕೆಯೂ ಹಾಗೆಯೇ. ಚಂದ್ರನ ಸೆಳೆತದಿಂದಾಗುವ ಉಬ್ಬರವಿಳಿತಗಳು ಭೂಮಿಯ ವೇಗವನ್ನು ತಗ್ಗಿಸುತ್ತಿವೆ. ಒಂದು ಶತಮಾನದಲ್ಲಿ ದಿನವು ಸೆಕೆಂಡಿನ ಸಾವಿರದಲ್ಲಿ ಸುಮಾರು 1.7 ಭಾಗ ಹಿಗ್ಗುತ್ತದೆ. ಇದು ಅತ್ಯಲ್ಪವೆನಿಸಿದರೂ ದಿನದಿನಕ್ಕೆ ಕೂಡುತ್ತ ಬಂದು ಚಾಲುಕ್ಯರ ಕಾಲದ ಗ್ರಹಣದ ವೇಳೆಯಲ್ಲಿ ಕಾಲು ಗಂಟೆಗೂ ಮೀರಿದ ವ್ಯತ್ಯಾಸವನ್ನುಂಟುಮಾಡುತ್ತದೆ. ಹಳೆಯ ಗ್ರಹಣ ಎಲ್ಲಿ ಕಂಡಿತೆಂದು ಗಣಿಸುವವರು ಇದನ್ನು ಬಿಡುವಂತಿಲ್ಲ.

ಉಳಿದ ಗ್ರಹಗಳು

ಭೂಮಿಯನ್ನು ಅರಿತ ಮೇಲೆ ಉಳಿದ ಗ್ರಹಗಳ ಸ್ಥಿತಿಯನ್ನು ಹೋಲಿಸಿ ನೋಡಬಹುದು. ಮೊದಲನೆಯದು ಅಕ್ಷದ ಓರೆ, ಎರಡನೆಯದು ನಕ್ಷತ್ರಗಳ ಲೆಕ್ಕದಲ್ಲಿ ಒಂದು ತಿರುಗಿನ ಅವಧಿ.

ಬುಧ: 0.03 ಅಂಶ, 58.6 ದಿನ.
ಶುಕ್ರ: 177.4 ಅಂಶ, 243 ದಿನ, ಹಿಮ್ಮುಖ.
ಭೂಮಿ: 23.4 ಅಂಶ, 23 ಗಂಟೆ 56 ನಿಮಿಷ.
ಮಂಗಳ: 25.2 ಅಂಶ, 24 ಗಂಟೆ 37 ನಿಮಿಷ.
ಗುರು: 3.1 ಅಂಶ, 9 ಗಂಟೆ 55 ನಿಮಿಷ.
ಶನಿ: 26.7 ಅಂಶ, ಸುಮಾರು 10 ಗಂಟೆ 33 ನಿಮಿಷ.
ಯುರೇನಸ್: 97.8 ಅಂಶ; 17 ಗಂಟೆ 14 ನಿಮಿಷ, ಹಿಮ್ಮುಖ.
ನೆಪ್ಚೂನ್: 28.3 ಅಂಶ; ಸುಮಾರು 16 ಗಂಟೆ 6 ನಿಮಿಷ.

ಬುಧನ ಅಕ್ಷ ಬಹುತೇಕ ನೆಟ್ಟಗಿರುವದರಿಂದ ಅಲ್ಲಿ ಓರೆಯಿಂದಾಗುವ ಋತುಗಳಿಲ್ಲ. ಸೂರ್ಯನನ್ನು ಎರಡು ಸಲ ಸುತ್ತುವಷ್ಟರಲ್ಲಿ ಅದು ಮೂರು ಸಲ ತಿರುಗುತ್ತದೆ. ಹೀಗಾಗಿ ಒಂದು ಸೂರ್ಯೋದಯದಿಂದ ಮತ್ತೊಂದಕ್ಕೆ ನಮ್ಮ 176 ದಿನ ಬೇಕು, ಅಂದರೆ ಅಲ್ಲಿನ ಎರಡು ವರ್ಷ. 1965ರಲ್ಲಿ ರೇಡಾರ್ ತರಂಗಗಳಿಂದ ಅಳೆಯುವ ವರೆಗೆ ಬುಧನು ಸದಾ ಒಂದೇ ಮುಖವನ್ನು ಸೂರ್ಯನಿಗೆ ತೋರುತ್ತಾನೆಂದೇ ವಿದ್ವಾಂಸರು ನಂಬಿದ್ದರು.

ಶುಕ್ರನ 177 ಅಂಶವೆಂದರೆ ಆ ಗ್ರಹ ತಲೆಕೆಳಗಾಗಿದೆಯೆಂದು, ಅಥವಾ ಹಿಮ್ಮುಖವಾಗಿ ತಿರುಗುತ್ತದೆಯೆಂದು ಅರ್ಥ. ಅಲ್ಲಿ ಸೂರ್ಯನು ಪಶ್ಚಿಮದಲ್ಲಿ ಹುಟ್ಟುತ್ತಾನೆ. ಒಂದು ತಿರುಗಿಗೆ 243 ದಿನ, ವರ್ಷಕ್ಕೆ 225 ದಿನ. ತಿರುಗೇ ವರ್ಷಕ್ಕಿಂತ ದೊಡ್ಡದು. ಮಂಗಳನು ಮಾತ್ರ ನಮಗೆ ತೀರ ಹತ್ತಿರದ ನೆಂಟ. ಅದರ ಓರೆಯೂ ದಿನವೂ ನಮ್ಮವಕ್ಕೆ ಹೆಚ್ಚುಕಡಿಮೆ ಸಮ. ವರ್ಷವು 687 ದಿನಗಳದಾದುದರಿಂದ ಋತುಗಳು ಇಮ್ಮಡಿಯ ಹತ್ತಿರ. ಭಾರತದ ಮಂಗಳಯಾನವು 2014ರ ಸೆಪ್ಟೆಂಬರ 24ರಂದು ಆ ಗ್ರಹದ ಕಕ್ಷೆಯನ್ನು ಸೇರಿತು.

ಗುರುವು ಅತ್ಯಂತ ದೊಡ್ಡ ಗ್ರಹವಾಗಿಯೂ ಅತ್ಯಂತ ವೇಗವಾಗಿ ತಿರುಗುತ್ತದೆ. ಆ ವೇಗದಿಂದ ನಡುವು ಉಬ್ಬಿ ಧ್ರುವಗಳು ಚಪ್ಪಟೆಯಾಗಿವೆ. ಶನಿಯ ಓರೆಯನ್ನು ಅದರ ಬಳೆಗಳೇ ತೋರುತ್ತವೆ. 2017ರಲ್ಲಿ ಅವು ಅಗಲವಾಗಿ ತೆರೆದು ಕಂಡವು. 2025ರ ಮಾರ್ಚಿನಲ್ಲಿ ಅಂಚು ನಮ್ಮತ್ತ ತಿರುಗಿ ಗೆರೆಯಂತಾದವು. 2032ರ ಸುಮಾರಿಗೆ ಮತ್ತೆ ಪೂರ್ತಿ ತೆರೆದು ಕಾಣುವವು. ಸಣ್ಣ ದೂರದರ್ಶಕವುಳ್ಳ ಶಾಲೆಯು ವರ್ಷಕ್ಕೊಂದು ಚಿತ್ರ ಬರೆದಿಟ್ಟರೆ, ಐದನೆಯ ಇಯತ್ತೆಯ ಮಗು ಹತ್ತನೆಯದಕ್ಕೆ ಬರುವಷ್ಟರಲ್ಲಿ ಬಳೆಗಳು ತೆರೆಯುವದನ್ನು ತಾನೇ ಕಂಡಿರುತ್ತದೆ. 1781ರಲ್ಲಿ ವಿಲಿಯಂ ಹರ್ಷಲ್ ಕಂಡುಹಿಡಿದ ಯುರೇನಸ್ ಮಲಗಿಕೊಂಡೇ ಉರುಳುವ ಗ್ರಹ. ಅದರ ವರ್ಷ ನಮ್ಮ 84 ವರ್ಷ; ಧ್ರುವದಲ್ಲಿ 42 ವರ್ಷ ಹಗಲು, 42 ವರ್ಷ ಇರುಳು.

ಇಂಥ ವೈವಿಧ್ಯಕ್ಕೆ ಕಾರಣವೇನು? ಗ್ರಹಗಳು ರೂಪುಗೊಳ್ಳುವ ಕಾಲದಲ್ಲಿ ಭಾರೀ ಕಾಯಗಳ ಡಿಕ್ಕಿಯಿಂದ ಅಕ್ಷಗಳು ವಾಲಿರಬೇಕೆಂಬುದು ಹೆಚ್ಚು ಮಾನ್ಯವಾದ ಅಭಿಪ್ರಾಯ. ಭೂಮಿಗೆ ಬಡಿದ ಅಂಥ ಒಂದು ಕಾಯದಿಂದಲೇ ಚಂದ್ರನು ಹುಟ್ಟಿದನೆಂದು ಊಹಿಸಲಾಗಿದೆ. ಆ ಚಂದ್ರನೇ ಇಂದು ನಮ್ಮ ಓರೆಯ ಕಾವಲುಗಾರನಾಗಿದ್ದಾನೆ. ಚಂದ್ರನಿಲ್ಲದಿದ್ದರೆ ಭೂಮಿಯ ಓರೆಯು ದೀರ್ಘಕಾಲದಲ್ಲಿ ಸೊನ್ನೆಯಿಂದ ಸುಮಾರು 85 ಅಂಶದ ವರೆಗೂ ಅಡ್ಡಾದಿಡ್ಡಿಯಾಗಿ ಬದಲಾಗಬಹುದಿತ್ತೆಂದು ಫ್ರಾನ್ಸಿನ ಜಾಕ್ ಲಾಸ್ಕರ್ ಮತ್ತು ಸಂಗಡಿಗರು 1993ರಲ್ಲಿ ಗಣಿತದಿಂದ ತೋರಿಸಿದರು. ದೊಡ್ಡ ಚಂದ್ರನಿಲ್ಲದ ಮಂಗಳನಿಗೆ ಈ ರಕ್ಷಣೆಯಿಲ್ಲ. ಚಂದ್ರನ ಅಕ್ಷವಾದರೋ ಕೇವಲ 1.5 ಅಂಶ ಓರೆ. ಆದುದರಿಂದ ಅದರ ಧ್ರುವಗಳ ಬಳಿಯ ಕೆಲವು ಕುಳಿಗಳಿಗೆ ಬಿಸಿಲೇ ತಾಗುವದಿಲ್ಲ. ಅಲ್ಲಿ ನೀರ್ಗಲ್ಲು ಉಳಿದಿದೆ. 2023ರ ಆಗಸ್ಟ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಕಡೆಯ ಪ್ರದೇಶದಲ್ಲಿ ಇಳಿದುದರ ಮಹತ್ವಕ್ಕೆ ಇದೂ ಒಂದು ಕಾರಣ.

ಶಿಕ್ಷಕರಲ್ಲಿ ಬಿನ್ನಹ

ಗಡಿಭಾಗದ ಮಗುವಿಗೆ ವಿಜ್ಞಾನವು ಮನೆಯ ಭಾಷೆಯಲ್ಲಿಲ್ಲ, ಅದು ಪುಸ್ತಕದ ಭಾಷೆಯದು, ದೂರದ ಊರಿನವರದು ಎಂಬ ಭಾವನೆ ಬಂದುಬಿಟ್ಟರೆ ಕಲಿಕೆಯು ಬಾಯಿಪಾಠವಾಗಿ ಉಳಿಯುತ್ತದೆ. ನೆರಳಿಗೆ ಭಾಷೆಯ ಹಂಗಿಲ್ಲ. ಅದನ್ನು ಕನ್ನಡದಲ್ಲಿ ಅಳೆದು ಮರಾಠಿಯಲ್ಲಿ ಬರೆಯಬಹುದು, ಮರಾಠಿಯಲ್ಲಿ ಕೇಳಿ ಕನ್ನಡದಲ್ಲಿ ಉತ್ತರಿಸಬಹುದು. ಮೂರೂ ತಾಲೂಕುಗಳ ಶಿಕ್ಷಕರು ಒಂದೇ ಅಳತೆಯ ಕೋಲುಗಳನ್ನು ಮಾಡಿಕೊಂಡು, ಮೇ 10ರಿಂದ 14ರ ವರೆಗೆ ತಮ್ಮ ತಮ್ಮ ಊರುಗಳಲ್ಲಿ ನೆರಳನ್ನೂ ವೇಳೆಯನ್ನೂ ಬರೆದಿಟ್ಟು, ಮೂರು ಊರುಗಳ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ತರಲಿ. ಹಾಗೆಯೇ ಎಳ್ಳಮಾವಾಸ್ಯೆಯ ದಿನದ ನೆರಳನ್ನೂ ಸೇರಿಸಲಿ. ಸಮೀಪದ ಗುಡಿಯಲ್ಲಿ ಶಾಸನವಿದ್ದರೆ ಅದರ ತಿಥಿವಾಕ್ಯವನ್ನು ಮಕ್ಕಳಿಗೆ ಓದಿಸಿ, ಅದರಲ್ಲಿನ ಅಯನದ ಮಾತು ಇದೇ ಕೋಲಿನ ನೆರಳಿನದೆಂದು ತೋರಿಸಿಕೊಡಲಿ. ಒಂದೆರಡು ವರ್ಷಗಳಲ್ಲಿ ಇಂಥ ಹಾಳೆಗಳು ಕೂಡಿ ಬಂದರೆ, ಭೂಮಿಯ ಓರೆಯನ್ನು ತಮ್ಮ ಕೈಯಿಂದಲೇ ಅಳೆದ ಮಕ್ಕಳ ಹೆಸರುಗಳು ನಮ್ಮ ಊರುಗಳ ಶಾಲೆಯ ದಫ್ತರಗಳಲ್ಲಿ ಉಳಿಯುವವು.